ಅರವತ್ತೆರಡನೇ ಬೀಗ

ಎರಡನೇ ಪಂಜರದ ಸ್ವಿಚ್ಚಿನ ಕೊಂಡಿಯಲ್ಲಿ ಮೋಹನ್‌ಬಾಬು ಅವರ ಬೀಗ ಹನ್ನೊಂದು ತಿಂಗಳಿಂದ ನೇತಾಡುತ್ತಿತ್ತು. ಕೆಂಪು ಬೀಗ. ಮೈಮೇಲೆ ಹೆಬ್ಬೆರಳಗಲದ ಫೋಟೋ, ಹೆಸರು, ಫೋನ್ ನಂಬರು. ಫೋಟೋದಲ್ಲಿ ಅವರು ಹೆಲ್ಮೆಟ್ ಹಾಕಿಕೊಂಡು ಸ್ವಲ್ಪ ಎಡಕ್ಕೆ ನೋಡುತ್ತಿದ್ದಾರೆ, ಆ ಕಡೆಯಿಂದ ಯಾರೋ ಕರೆದ ಹಾಗೆ. ಆಯುಧಪೂಜೆಯ ದಿನ ಮೆಷಿನ್ನುಗಳಿಗೆಲ್ಲ ಕುಂಕುಮ ಇಡುತ್ತ ಬಂದವರು ಆ ಬೀಗಕ್ಕೂ ಇಟ್ಟಿದ್ದರು. ಅದನ್ನು ಆಮೇಲೆ ಯಾರೂ ಒರೆಸಲಿಲ್ಲ.

ನಮ್ಮದು ಓರ್ಲುಂಡ್ ಎಲೆಕ್ಟ್ರಿಕ್. ಮುಖ್ಯ ಕಚೇರಿ ಯೂರೋಪಿನ ಯಾವುದೋ ತಣ್ಣನೆಯ ಊರಿನಲ್ಲಿದೆ. ಹದಿನೆಂಟು ದೇಶಗಳಲ್ಲಿ ಕಾರ್ಖಾನೆಗಳಿವೆ. ಅವುಗಳಲ್ಲಿ ಒಂದು ಗೌರಿಬಿದನೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಇಲ್ಲಿ ನಾವು ಸ್ವಿಚ್‌ಗೇರ್ ಪ್ಯಾನೆಲ್ ಮಾಡುತ್ತೇವೆ. ನೋಡಲು ಬೀರುವಿನಂತಿರುತ್ತವೆ; ಊರಿಗೆ ಬರುವ ಕರೆಂಟನ್ನು ಹಂಚುತ್ತವೆ, ಏನಾದರೂ ಹೆಚ್ಚುಕಡಿಮೆಯಾದರೆ ಕಡಿದುಹಾಕುತ್ತವೆ. ಚಿಲಿಗೆ, ಓಮಾನಿಗೆ, ಕೀನ್ಯಾಕ್ಕೆ ಹೋಗುತ್ತವೆ. ಹೋಗುವ ಮುಂಚಿನ ಕೊನೆಯ ಪರೀಕ್ಷೆ ನನ್ನದು ಮತ್ತು ಮೋಹನಣ್ಣನದು. ತಂತಿ ಜಾಲರಿಯ ಒಂದು ಕೋಣೆಯೊಳಗೆ ಪ್ಯಾನೆಲ್ ನಿಲ್ಲಿಸುತ್ತೇವೆ. ಅದನ್ನೇ ನಾವು ಪಂಜರ ಅನ್ನುವುದು. ಹೊರಗೆ ಬಂದು, ಅದು ದಿನವೂ ಹೊರಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹಾಯಿಸಿ, ಒಂದು ನಿಮಿಷ ಕಿವಿಗೊಟ್ಟು ನಿಲ್ಲುತ್ತೇವೆ. ಸಿಡಿದ ಸದ್ದು ಬರದಿದ್ದರೆ ಪಾಸ್.

ಪಂಜರದೊಳಗೆ ಕಾಲಿಡುವ ಮುಂಚೆ ಕರೆಂಟು ಆಫ್ ಮಾಡಿ ಸ್ವಿಚ್ಚಿನ ಕೊಂಡಿಗೆ ನಮ್ಮ ನಮ್ಮ ಬೀಗ ಹಾಕಬೇಕು. ಒಳಗೆ ಇಬ್ಬರಿದ್ದರೆ ಎರಡು ಬೀಗ, ನಾಲ್ವರಿದ್ದರೆ ನಾಲ್ಕು. ಒಂದು ಬೀಗ ಉಳಿದಿದ್ದರೂ ಯಾರೂ ಸ್ವಿಚ್ ಹಾಕಲಾರರು. ಹೊರಗೆ ಬಂದ ಮೇಲೆ ಅವರವರ ಬೀಗವನ್ನು ಅವರವರೇ ತೆಗೆಯಬೇಕು. ಮ್ಯಾನೇಜರ್ ಬಂದರೂ ಇನ್ನೊಬ್ಬರ ಬೀಗ ಮುಟ್ಟುವ ಹಾಗಿಲ್ಲ. ಕೀ ಒಂದೇ, ಅದು ಬೀಗದ ಯಜಮಾನನ ಜೇಬಿನಲ್ಲಿ ಇರುತ್ತದೆ.

ನಮ್ಮಿಬ್ಬರದು ಇದಕ್ಕೆ ಒಂದು ಬಾಲ ಸೇರಿತ್ತು. ಪಂಜರ ಬಿಡುವಾಗ ಅವರು ‘ಪವಿತ್ರ’ ಅಂತ ಹಾಜರಿ ಕೂಗಿದ ಹಾಗೆ ಕೂಗುತ್ತಿದ್ದರು. ನಾನು ‘ತೆಗೆದೆ’ ಅನ್ನಬೇಕು. ನಾನು ‘ಮೋಹನ್‌ಬಾಬು’ ಅಂದರೆ ಅವರು ‘ತೆಗೆದೆ’ ಅನ್ನುತ್ತಿದ್ದರು. ಖುಷಿಯಲ್ಲಿದ್ದರೆ ತೆಲುಗಿನಲ್ಲಿ, ‘ತೀಸೇಸಿನಮ್ಮಾ’. ಆರು ವರ್ಷ, ದಿನಕ್ಕೆ ಏಳೆಂಟು ಸಲ. ನನ್ನ ಹೆಸರನ್ನು ಅಷ್ಟು ಸಲ ಕರೆದವರು ಬೇರೆ ಯಾರೂ ಇಲ್ಲ. ನಾನು ಚಿಂತಾಮಣಿ ಕಡೆಯವಳು, ಇಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ರೂಮಿನಲ್ಲಿ ಒಬ್ಬಳೇ ಇದ್ದೇನೆ. ಎಷ್ಟೋ ಭಾನುವಾರ ಸಂಜೆ, ಬೆಳಗ್ಗೆಯಿಂದ ಒಂದು ಮಾತೂ ಆಡಿಲ್ಲ ಅನ್ನುವುದು ಹಾಲಿನವನ ಹತ್ತಿರ ಬಾಯಿ ತೆರೆದಾಗ ಗೊತ್ತಾಗುತ್ತಿತ್ತು. ದನಿ ಕಟ್ಟಿರುತ್ತಿತ್ತು.

ಆ ಬೀಗ ಉಳಿದದ್ದು ಕಂಪನಿ ಮಾರಾಟವಾದ ದಿನ. ಮಧ್ಯಾಹ್ನ ನಾಲ್ಕಕ್ಕೆ ಎಲ್ಲರೂ ಕ್ಯಾಂಟೀನಿಗೆ ಬರಬೇಕೆಂದು ಮೈಕಿನಲ್ಲಿ ಹೇಳಿದರು. ನಾವು ಪಂಜರದೊಳಗೆ ಕೇಬಲ್ ಬಿಚ್ಚುತ್ತಿದ್ದೆವು. ಅರ್ಧಕ್ಕೇ ಬಿಟ್ಟು ಓಡಿದೆವು. ನಾನು ನನ್ನ ಬೀಗ ತೆಗೆದೆ. ಅವರು ಕೈ ಒರೆಸಿಕೊಳ್ಳುತ್ತಿದ್ದರು. ಆ ಒಂದು ದಿನ ಯಾರೂ ಯಾರ ಹೆಸರನ್ನೂ ಕೂಗಲಿಲ್ಲ.

ಕ್ಯಾಂಟೀನಿನ ಗೋಡೆಯ ಪರದೆಯ ಮೇಲೆ ನೀಲಿ ಟೈ ಕಟ್ಟಿದವರೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ಓರ್ಲುಂಡನ್ನು ಅದಕ್ಕಿಂತ ದೊಡ್ಡ ಇನ್ನೊಂದು ಕಂಪನಿ ಕೊಂಡಿದೆ, ಯಾರೂ ಹೆದರಬೇಕಾಗಿಲ್ಲ ಅಂದರು. ಹೆದರಬೇಡಿ ಅಂದಿದ್ದರಿಂದಲೇ ಎಲ್ಲರೂ ಹೆದರಿದರು. ಪರದೆಯ ಅಂಚಿನಲ್ಲಿ ಹದಿನೆಂಟು ದೇಶಗಳ ಕ್ಯಾಂಟೀನುಗಳು ಚಿಕ್ಕ ಚಿಕ್ಕ ಚೌಕಗಳಲ್ಲಿ ಕಾಣುತ್ತಿದ್ದವು. ಒಂದು ಚೌಕದಲ್ಲಿ ನಾವೂ ಇದ್ದೆವು. ಮೋಹನಣ್ಣ ಕೈ ಎತ್ತಿದರು. ಪರದೆಯಲ್ಲಿ ಅವರ ಕೈ ಒಂದು ಕ್ಷಣ ತಡವಾಗಿ ಎದ್ದಿತು. ‘ನೋಡಮ್ಮ, ನಾನು ಇಲ್ಲಿಂದ ಅಲ್ಲಿಗೆ ಹೋಗಿ ಬರೋಕೆ ಅಷ್ಟು ಹೊತ್ತಾಗುತ್ತೆ’ ಅಂದರು. ಸಭೆ ಮುಗಿದ ಮೇಲೆ ಅಲ್ಲಿಂದಲೇ ಪಂಚ್ ಮಾಡಿ ತೊಂಡೇಬಾವಿಯ ಮನೆಗೆ ಬೈಕಿನಲ್ಲಿ ಹೊರಟರು. ಆಗ ಐದೂ ಹತ್ತು.

ನಾನು ಬ್ಯಾಗು ತರಲು ಪಂಜರದ ಹತ್ತಿರ ಹೋದೆ. ಬೀಗ ಕಂಡಿತು. ಐದೂ ನಲವತ್ತೆರಡಕ್ಕೆ ಟೆಸ್ಟಿಂಗ್ ಟೇಬಲ್ಲಿನ ಲ್ಯಾಂಡ್‌ಲೈನಿನಿಂದ ಅವರಿಗೆ ಫೋನ್ ಮಾಡಿದೆ.

ಬರುವಾಗ ರಸ್ತೆಯಲ್ಲಿ ಲಾರಿ ಗುದ್ದಿತು. ಫೋನೂ ಪುಡಿಯಾಗಿತ್ತು. ಕಂಪನಿಯ ಕಡತದಲ್ಲಿ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಅಪಘಾತ ಅಂತ ಬರೆದುಕೊಂಡರು. ನಾನು ಕರೆದದ್ದು ನನಗೊಬ್ಬಳಿಗೇ ಗೊತ್ತು. ಮಣ್ಣಿನ ದಿನ ಕಂಪನಿ ಬಸ್ಸಿನಲ್ಲಿ ಎಲ್ಲರ ಜೊತೆ ಹೋಗಿ, ಎಲ್ಲರ ಹಿಂದೆ ನಿಂತು, ಎಲ್ಲರ ಜೊತೆ ವಾಪಸ್ ಬಂದೆ. ಅವರ ಹೆಂಡತಿ ಕವಿತ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಗಳದಲ್ಲಿ ಹೆಂಗಸರು ಪಿಸುಗುಡುತ್ತಿದ್ದರು. ಆ ಊರಿನ ರೈಲ್ವೆ ಸ್ಟೇಷನ್ ಹತ್ತಿರ ಟೀ ಅಂಗಡಿ ಇಟ್ಟಿರುವ ಗಂಗುಲಪ್ಪ ಕಣ್ಣಾರೆ ಕಂಡಿದ್ದರಂತೆ. ಟೀ ಕುಡಿಯುತ್ತಿದ್ದವನು ಫೋನಿನಲ್ಲಿ ಏನೋ ಮಾತಾಡಿ ಲೋಟ ಅಲ್ಲೇ ಇಟ್ಟು ಬೈಕ್ ತಿರುಗಿಸಿದನಂತೆ. ಮನೆ ಒಂದು ಕಿಲೋಮೀಟರ್ ಇತ್ತು. ಮನೆ ಹತ್ತಿರಕ್ಕೆ ಬಂದು, ಹೆಂಡತಿ ಮುಖ ನೋಡದೆ ತಿರುಗಿ ಹೋದನಲ್ಲ, ಯಾರು ಕರೆದಿರಬಹುದು ಅಂತ ಒಬ್ಬಳು ಕೇಳಿದಳು. ಇನ್ನೊಬ್ಬಳು ಅವಳ ಮೊಣಕೈ ಹಿಂಡಿದಳು.

ಹನ್ನೊಂದು ತಿಂಗಳಲ್ಲಿ ಗೇಟಿನ ಬೋರ್ಡು ಬದಲಾಯಿತು, ಬಸ್ಸಿನ ಬಣ್ಣ ಬದಲಾಯಿತು. ಪರೀಕ್ಷೆಗಳೆಲ್ಲ ಒಂದನೇ ಪಂಜರಕ್ಕೆ ಹೋದವು. ಎರಡನೆಯದು ಹಳತು, ಹೇಗೂ ಬಿಚ್ಚುವುದು ಅಂತ ಹಾಗೇ ಬಿಟ್ಟರು. ನನ್ನ ಜೋಡಿಗೆ ಬಂದವರು ಮೂರು ತಿಂಗಳಿಗೊಬ್ಬರಂತೆ ಬದಲಾದರು. ಅವರಿಗೆ ಹೆಸರು ಕೂಗುವುದನ್ನು ನಾನು ಕಲಿಸಲಿಲ್ಲ.

ಆಮೇಲೆ ಹೊಸ ಕಂಪನಿಯ ನೀಲಿ ಬೀಗಗಳು ಬಂದವು. ಹಳೆ ಕೆಂಪು ಬೀಗಗಳನ್ನೆಲ್ಲ ಒಪ್ಪಿಸಬೇಕು, ಅವನ್ನು ಕತ್ತರಿಸಿ ಗುಜರಿಗೆ ಹಾಕಬೇಕು ಅಂತ ಆದೇಶವಾಯಿತು. ನಮ್ಮ ಕಾರ್ಖಾನೆಗೆ ಕೊಟ್ಟದ್ದು ಅರವತ್ತೆರಡು. ವಾಪಸ್ ಬಂದದ್ದು ಅರವತ್ತೊಂದು. ಇನ್ನೊಂದು ಎಲ್ಲಿ ಅಂತ ದೂರದ ಯಾವುದೋ ಆಫೀಸಿನಿಂದ ಮೇಲ್ ಬಂತು. ಎರಡು ದಿನ ಬಿಟ್ಟು ಅದೇ ಮೇಲ್ ಮತ್ತೆ ಬಂತು.

ಸೇಫ್ಟಿ ಆಫೀಸರ್ ಗಣೇಶ್ ಪ್ರಸಾದ್ ನನ್ನನ್ನು ಕರೆಸಿದರು. ಶಾಲಾ ಮೇಷ್ಟರ ಮಗ. ಏನು ಹೇಳಿದರೂ ಬೋರ್ಡಿನ ಮೇಲೆ ಬರೆದ ಹಾಗೆ ಹೇಳುವವರು, ಕೆಟ್ಟವರಲ್ಲ. ಯಜಮಾನನಿಲ್ಲದೆ ಬೀಗ ತೆಗೆಯಲು ಒಂದು ಫಾರಂ ಇದೆ, ನೀವು ಅವರ ಜೋಡಿ ಆಗಿದ್ದರಿಂದ ನೀವೇ ತುಂಬಬೇಕು ಅಂದರು. ಫಾರಂ ನನಗೆ ಗೊತ್ತಿತ್ತು. ಮೊದಲ ಕಾಲಮ್ಮು: ಬೀಗದ ಯಜಮಾನನನ್ನು ಸಂಪರ್ಕಿಸಿದ್ದು ಯಾರು, ಯಾವ ದಿನ, ಎಷ್ಟು ಗಂಟೆಗೆ, ಅವರು ಕೊಟ್ಟ ಉತ್ತರ ಅವರದೇ ಮಾತಿನಲ್ಲಿ. ಎರಡನೆಯದು: ಕೀ ಸಿಕ್ಕಿತೇ. ಮೂರನೆಯದು: ಕತ್ತರಿಸಲು ಅನುಮತಿ.

"ಮೊದಲನೇದರಲ್ಲಿ ‘ತೀರಿಕೊಂಡಿದ್ದಾರೆ’ ಅಂತ ಬರೆದುಬಿಡಿ" ಅಂದರು. "ಎರಡನೇದಕ್ಕೆ ಅವರ ಮನೆಯವರಿಗೆ ಒಂದು ಫೋನ್ ಮಾಡಿ, ಕೀ ಇಲ್ಲ ಅನ್ನಿಸ್ಕೊಳ್ಳಿ. ಮೂರನೇದಕ್ಕೆ ನಾನು ಸೈನ್ ಹಾಕ್ತೀನಿ. ಹತ್ತು ನಿಮಿಷದ ಕೆಲಸ."

ಫಾರಂ ತೆಗೆದುಕೊಂಡು ಟೆಸ್ಟಿಂಗ್ ಟೇಬಲ್ಲಿಗೆ ಬಂದೆ. ಮೊದಲ ಕಾಲಮ್ಮಿನ ಮುಂದೆ ಪೆನ್ನು ನಿಂತಿತು. ಆ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇತ್ತು. ದಿನ, ಗಂಟೆ, ಮಾತು, ಎಲ್ಲ. ಬರೆದರೆ ಕವಿತಗೆ ಗೊತ್ತಾಗುತ್ತದೆ: ಬಾಗಿಲ ತನಕ ಬಂದ ಗಂಡನನ್ನು ತಿರುಗಿಸಿದ್ದು ಯಾರು ಅಂತ. ಬರೆಯದಿದ್ದರೆ ಅವರು ಬದುಕಿರುವ ತನಕ ಆ ಪಿಸುಮಾತಿನ ಜೊತೆಗೇ ಇರಬೇಕು. ಆ ಕಾಲಮ್ಮನ್ನು ಖಾಲಿ ಬಿಟ್ಟು ಎರಡನೆಯದಕ್ಕೆ ಹೋದೆ. ಅದೇ ಲ್ಯಾಂಡ್‌ಲೈನ್.

ಕವಿತ ಬೇಗ ಎತ್ತಿದರು. ನಾನು ಯಾರು, ಎಲ್ಲಿಂದ ಅಂತ ಹೇಳಿದೆ. ಮೋಹನ್‌ಬಾಬು ಅವರ ಸಾಮಾನಿನಲ್ಲಿ ಒಂದು ಸಣ್ಣ ಕೀ ಇದ್ದಿರಬಹುದು, ಕಂಪನಿಯದು, ಸಿಗದಿದ್ದರೆ ಪರವಾಗಿಲ್ಲ ಅಂದೆ. ಆ ಕಡೆ ಕೋಳಿಯೊಂದು ಕೂಗಿತು.

"ಹಿತ್ತಾಳೇದಾ?" ಅಂದರು. "ತಲೆ ಚೌಕ ಇದೆ. ಮೇಲೆ ನಲವತ್ತೇಳು ಅಂತ ಕೆತ್ತಿದೆ."

ಬೀಗದ ಮೇಲಿನ ನಂಬರೂ ಅದೇ. ನಾನು ಹೌದು ಅಂದೆ.

"ನಾಳೆ ನಾನೇ ತರ್ತೀನಿ."

ಯಾರ ಕೈಲಾದರೂ ಕಳಿಸಿದರೆ ಸಾಕು ಅಂತ ಹೇಳುವಷ್ಟರಲ್ಲಿ ಇಟ್ಟುಬಿಟ್ಟರು.

ಮರುದಿನ ಹನ್ನೊಂದರ ಹೊತ್ತಿಗೆ ಬಂದರು. ಗೇಟಿನಲ್ಲಿ ಕೊಟ್ಟ ವಿಸಿಟರ್ ಹೆಲ್ಮೆಟ್ ಅವರಿಗೆ ದೊಡ್ಡದಾಗಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ನಡೆದರು. ಇನ್ನೊಂದು ಕೈಯ ಮುಷ್ಟಿ ಬಿಗಿದಿತ್ತು. ಕೀ ನಮ್ಮ ಕೈಗೆ ಕೊಟ್ಟುಬಿಡಿ, ಆಫೀಸಿನಲ್ಲಿ ಕೂತು ಕಾಫಿ ಕುಡಿಯಿರಿ ಅಂತ ಗಣೇಶ್ ಪ್ರಸಾದ್ ಎರಡು ಸಲ ಹೇಳಿದರು. ಬೀಗ ಎಲ್ಲಿದೆ ಅಂತ ಕವಿತ ಎರಡು ಸಲ ಕೇಳಿದರು. ಕೊನೆಗೆ ಮೂವರೂ ಪಂಜರದ ಕಡೆ ಹೊರಟೆವು.

ದಾರಿಯಲ್ಲಿ ಅವರು ನನಗೊಬ್ಬಳಿಗೇ ಕೇಳುವ ಹಾಗೆ ಮಾತಾಡಿದರು. ಆಸ್ಪತ್ರೆಯಲ್ಲಿ ಪೊಲೀಸರು ಕೊಟ್ಟ ಚೀಲದಲ್ಲಿ ಈ ಕೀ ಇತ್ತಂತೆ. ಮನೆಯಲ್ಲಿದ್ದ ಬೀಗಗಳಿಗೆಲ್ಲ ಹಾಕಿ ನೋಡಿದರಂತೆ, ಟ್ರಂಕಿಗೆ, ಪಂಪ್‌ಹೌಸಿಗೆ, ಅತ್ತೆ ಅಮ್ಮಾಜಮ್ಮನವರ ಪೆಟ್ಟಿಗೆಗೆ. ಯಾವುದಕ್ಕೂ ಆಗಲಿಲ್ಲ. ಮೋಹನಣ್ಣ ಐಟಿಐ ಓದುವಾಗ ಶಿಡ್ಲಘಟ್ಟದಲ್ಲಿ ಒಂದು ರೂಮಿನಲ್ಲಿದ್ದರು. ಒಂದು ದಿನ ಕವಿತ ತವರಿಗೆ ಅಂತ ಸುಳ್ಳು ಹೇಳಿ ಆ ಊರಿಗೆ ಹೋದರಂತೆ.

"ಯಾರದೋ ಮನೆ. ಬಾಗಿಲಿಗೆ ಬೀಗ ಹಾಕಿತ್ತು. ಆ ಕಡೆ ಈ ಕಡೆ ನೋಡಿ ಕೀ ಹಾಕ್ದೆ. ತಿರುಗ್ಲಿಲ್ಲ. ಎದುರುಮನೆ ಮುದುಕಿ ಯಾರಮ್ಮ ನೀನು ಅಂದ್ಲು. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು, "ಅದು ತಿರುಗಿದ್ರೇ ಚೆನ್ನಾಗಿತ್ತು ಅನ್ನಿಸ್ತು. ಯಾರು ಅಂತ ಗೊತ್ತಾಗಿಬಿಡೋದಲ್ಲ."

ಬೀಗದ ಮುಂದೆ ನಿಂತರು. ಫೋಟೋ ನೋಡಿದರು. ಒಣಗಿದ ಕುಂಕುಮವನ್ನು ಉಗುರಿನಿಂದ ಮೆಲ್ಲಗೆ ಕೆರೆದರು, ಫೋಟೋಗೆ ತಾಗದ ಹಾಗೆ. ಕೀ ಹಾಕಿದರು. ಹನ್ನೊಂದು ತಿಂಗಳು ತೆಗೆಯದ ಬೀಗ ಗಟ್ಟಿಯಾಗಿತ್ತು. ಸಹಾಯಕ್ಕೆ ಕೈ ಚಾಚಿದ ಗಣೇಶ್ ಪ್ರಸಾದ್ ನಡುವೆಯೇ ಹಿಂದಕ್ಕೆ ತೆಗೆದುಕೊಂಡರು, ನಿಯಮ ನೆನಪಾಗಿರಬೇಕು. ಮೂರನೇ ಸಲಕ್ಕೆ ತಿರುಗಿತು. ಬೀಗ ಅವರ ಅಂಗೈಗೆ ಬಂತು. ಅದರ ಭಾರ ಅವರು ಎಣಿಸಿದ್ದಕ್ಕಿಂತ ಕಡಿಮೆ ಇತ್ತೇನೋ, ಕೈ ಸ್ವಲ್ಪ ಮೇಲಕ್ಕೆ ಹೋಯಿತು.

"ಇದು ಎಷ್ಟು ದಿನದಿಂದ ಇಲ್ಲಿದೆ?"

ಆ ದಿನದಿಂದ ಅಂತ ಹೇಳಿದೆ. ಯಾಕೆ ತೆಗೆಯಲಿಲ್ಲ ಅಂದರು. ನಿಯಮವನ್ನು ವಿವರಿಸಿದೆ: ಹಾಕಿದವರೇ ತೆಗೆಯಬೇಕು. ಅವರು ಬೀಗವನ್ನು ತಿರುಗಿಸಿ ನೋಡಿದರು, ಆಮೇಲೆ ನನ್ನನ್ನು.

"ಹಂಗಾದ್ರೆ ಇದನ್ನ ತೆಗೆಯೋಕೆ ಬರ್ತಿದ್ರಾ?"

ಗಣೇಶ್ ಪ್ರಸಾದ್ ನಡುವೆ ಬಂದರು. ಅವತ್ತು ಅವರು ಐದೂ ಹತ್ತಕ್ಕೇ ಪಂಚ್ ಮಾಡಿ ಹೋಗಿದ್ದರು, ಕಂಪನಿಯಲ್ಲಿ ಅವರಿಗೆ ಕೆಲಸ ಏನೂ ಇರಲಿಲ್ಲ, ಎಲ್ಲ ದಾಖಲೆಯಲ್ಲಿದೆ ಅಂದರು. ಗೊತ್ತಿದ್ದಷ್ಟನ್ನು ಹೇಳುತ್ತಿದ್ದರು. ಅವರು ಮುಗಿಸಿದ ಮೇಲೆ ಸುಮ್ಮನಿರಲು ನನಗೆ ಇನ್ನೂ ಅವಕಾಶ ಇತ್ತು. ಒಂದು ನಿಮಿಷ ಕಿವಿಗೊಟ್ಟು ನಿಲ್ಲುವುದು ನನ್ನ ಕೆಲಸವೇ. ಅಷ್ಟು ಹೊತ್ತು ನಿಲ್ಲಲಾಗಲಿಲ್ಲ.

"ನಾನು ಫೋನ್ ಮಾಡಿದ್ದೆ ಅಕ್ಕ. ಐದೂ ನಲವತ್ತೆರಡಕ್ಕೆ. ಬೀಗ ಉಳಿದಿದೆ, ಬಂದು ತೆಗೀರಿ ಅಂದೆ."

ಗಣೇಶ್ ಪ್ರಸಾದ್ ‘ಪವಿತ್ರ’ ಅಂದರು. ಆ ಜಾಗದಲ್ಲಿ ನನ್ನ ಹೆಸರು ಕೇಳಿ ಹನ್ನೊಂದು ತಿಂಗಳಾಗಿತ್ತು.

ಕವಿತ ಅಳಲಿಲ್ಲ. ಮಾರ್ಕೆಟ್ಟಿನಲ್ಲಿ ತೂಕ ಕೇಳುವವರ ಹಾಗೆ ಒಂದೊಂದೇ ಕೇಳಿದರು. ಬೆಳಿಗ್ಗೆ ಬಂದು ತೆಗೆದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ ಅಂದೆ. ಆ ರಾತ್ರಿ ಯಾರಿಗಾದರೂ ಈ ಸ್ವಿಚ್ಚು ಬೇಕಾಗಿತ್ತಾ? ಇಲ್ಲ. ಮತ್ತೆ ಯಾಕೆ? ಬೀಗ ಬಿಟ್ಟು ಹೋದವರ ಹೆಸರಿಗೆ ಒಂದು ಹಳದಿ ಚೀಟಿ ಬರೆಯುತ್ತಾರೆ, ಕಂಪನಿ ಕೈ ಬದಲಾಗುತ್ತಿತ್ತು, ಹೊಸಬರು ಚೀಟಿ ಇದ್ದವರನ್ನು ಮೊದಲು ಕೆಲಸದಿಂದ ತೆಗೆಯುತ್ತಾರೆ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು ಅಂದೆ. ಅದು ನಿಜ.

"ಅಷ್ಟೇನಾ?"

ನೀಲಿ ಬೀಗದ ಕೀ ನನ್ನ ಜೇಬಿನಲ್ಲಿತ್ತು. ಅದನ್ನು ಹಿಡಿದುಕೊಂಡಿದ್ದೆ.

"ಒಬ್ಬಳೇ ರೂಮಿಗೆ ಹೋಗೋಕೆ ಮನಸ್ಸಿರ್ಲಿಲ್ಲ. ಎಲ್ರೂ ಹೆದರಿದ್ರು ಅವತ್ತು. ಅವರು ವಾಪಸ್ ಬಂದ್ರೆ ಗೇಟಿನ ಹತ್ರ ಒಂದು ಟೀ ಕುಡೀಬಹುದು, ಅಷ್ಟು ಹೊತ್ತು ಯಾರಾದ್ರೂ ಇರ್ತಾರೆ ಅಂದ್ಕೊಂಡೆ. ಅಷ್ಟೇ ಅಕ್ಕ. ಬೇರೆ ಇನ್ನೇನೂ ಇಲ್ಲ."

ಅವರು ಹೆಲ್ಮೆಟ್ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಇಲ್ಲಿ ಹಾಗೆ ತೆಗೆಯುವಂತಿಲ್ಲ, ಆದರೆ ಗಣೇಶ್ ಪ್ರಸಾದ್ ತಡೆಯಲಿಲ್ಲ. ಬೆವರಿದ ಹಣೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಕವಿತ ಪಂಜರದ ಒಳಗೆ ನೋಡಿದರು. ಅಲ್ಲಿ ಅರ್ಧ ಬಿಚ್ಚಿದ ಕೇಬಲ್ಲು, ಒಂದು ಪ್ಲಾಸ್ಟಿಕ್ ಸ್ಟೂಲು, ಧೂಳು.

"ನಮ್ಮನೇಲಿ ಅವರು ಟೀ ಕುಡೀತಿರ್ಲಿಲ್ಲ" ಅಂದರು. "ಗಂಗುಲಪ್ಪನ ಅಂಗಡೀಲೇ ಕುಡಿದು ಬರೋರು. ಹನ್ನೆರಡು ವರ್ಷ. ನಾನು ಮಾಡಿದ್ದು ಚೆನ್ನಾಗಿರಲ್ಲ ಅಂತ ಅಂದ್ಕೊಂಡಿದ್ದೆ. ನಿನ್ನ ಜೊತೇಲೂ ಕುಡೀತಿದ್ರಾ?"

ಆಗಾಗ ಅಂದೆ.

"ಸಕ್ಕರೆ ಎಷ್ಟು ಹಾಕೊಳ್ಳೋರು?"

ಹಾಕಿಕೊಳ್ಳುತ್ತಿರಲಿಲ್ಲ. ಹೇಳಿದೆ. ಅವರು ತಲೆಯಾಡಿಸಿದರು, ಆ ವಿಷಯವನ್ನು ಎಲ್ಲೋ ಒಳಗೆ ಇಟ್ಟುಕೊಳ್ಳುವವರ ಹಾಗೆ. ನನ್ನನ್ನು ‘ನೀನು’ ಅನ್ನತೊಡಗಿದ್ದು ಸಿಟ್ಟಿನಿಂದಲೋ ಬೇರೆ ಯಾತರಿಂದಲೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಗಣೇಶ್ ಪ್ರಸಾದ್ ನನ್ನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ ಹೇಳಿದರು: ಬಾಯಲ್ಲಿ ಹೇಳಿದ್ದು ಬೇರೆ, ಫಾರಮ್ಮಿನಲ್ಲಿ ಬರೆಯುವುದು ಬೇರೆ. ಬರೆದರೆ ಅದು ಮನೆಗೆ ಹೋಗುವಾಗ ಆದ ಅಪಘಾತ ಆಗುವುದಿಲ್ಲ, ಕೆಲಸಕ್ಕೆ ಕರೆಸಿಕೊಂಡಾಗ ಆದದ್ದು ಆಗುತ್ತದೆ. ವಿಚಾರಣೆ ಶುರುವಾಗುತ್ತದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಮೊದಲು ನಿಮ್ಮನ್ನೇ ಕೇಳುತ್ತಾರೆ. ಈಗ ಕೀ ಸಿಕ್ಕಿದೆ, ಬೀಗ ತೆಗೆದಾಗಿದೆ, ಮೊದಲನೇ ಕಾಲಮ್ಮು ಬೇಕಾಗಿಲ್ಲ, ಅಡ್ಡಗೆರೆ ಎಳೆದುಬಿಡಿ. ಅವರ ಹಣೆಯೂ ಬೆವರಿತ್ತು. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು.

ನಾನು ಟೇಬಲ್ಲಿಗೆ ಬಂದು ಫಾರಂ ತೆರೆದೆ. ಕವಿತ ಪಕ್ಕದಲ್ಲಿ ಬಂದು ನಿಂತರು. ದಿನಾಂಕ ಬರೆದೆ. ಗಂಟೆ ಬರೆದೆ. ಸಂಪರ್ಕಿಸಿದವರು: ಪವಿತ್ರ. ಉತ್ತರ, ಅವರದೇ ಮಾತಿನಲ್ಲಿ ಅನ್ನುವಲ್ಲಿ ಕನ್ನಡದಲ್ಲೇ ಬರೆದೆ, ಅವರು ಹೇಳಿದ ಹಾಗೇ: ಬರ್ತೀನಿ ಕಣಮ್ಮ, ಅಲ್ಲೇ ಇರು.

ಕವಿತ ಓದಿದರು. ಅಷ್ಟೇ ಅಂದರಾ ಅಂತ ಕೇಳಿದರು. ಅಷ್ಟೇ ಅಂದೆ. ಬೀಗವನ್ನು ಅವರಿಗೆ ಕೊಡುವ ಹಾಗಿರಲಿಲ್ಲ. ಗುಜರಿ ಲೆಕ್ಕಕ್ಕೆ ಅರವತ್ತೆರಡೂ ಬೇಕಿತ್ತು. ಅದನ್ನು ಫಾರಮ್ಮಿನ ಮೇಲೆ ಇಟ್ಟರು. ಕೀ ಕೊಡಲಿಲ್ಲ.

"ಇದು ನನ್ನ ಹತ್ರ ಇರ್ಲಿ. ಯಾವುದರದು ಅಂತ ಈಗ ಗೊತ್ತಲ್ಲ" ಅಂದರು. ಗೇಟಿನ ತನಕ ಬರುತ್ತೇನೆ ಅಂದೆ. ಬೇಡ ಅಂದರು.

ವಿಚಾರಣೆ ಶುರುವಾಯಿತು. ನನ್ನನ್ನು ಪರೀಕ್ಷೆಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಇಲ್ಲಿ ಬೀಗವೂ ಇಲ್ಲ, ಜೋಡಿಯೂ ಇಲ್ಲ. ಮರದ ಪೆಟ್ಟಿಗೆಗಳ ಮೇಲೆ ಊರುಗಳ ಹೆಸರು ಅಂಟಿಸುತ್ತೇನೆ. ಮೂರು ಬೇರೆ ಬೇರೆ ದೇಶಗಳಿಂದ ಪ್ರಶ್ನೆಗಳು ಬಂದವು. ಎಷ್ಟು ಸೆಕೆಂಡು ಮಾತಾಡಿದಿರಿ, ಮೇಲಿನವರ ಅನುಮತಿ ಇತ್ತೇ, ಲಿಖಿತ ಸೂಚನೆ ಇತ್ತೇ. ಎಲ್ಲದಕ್ಕೂ ಉತ್ತರ ಬರೆದೆ. ತೊಂಡೇಬಾವಿಗೂ ಇಬ್ಬರು ಹೋಗಿ ಬಂದರಂತೆ. ಕವಿತ ಅವರಿಗೆ ಟೀ ಕೊಟ್ಟರಂತೆ, ಸಕ್ಕರೆ ಇಲ್ಲದ್ದು. ಗಣೇಶ್ ಪ್ರಸಾದ್ ಇದನ್ನು ನಗುತ್ತ ಹೇಳಿದರು. ನಾನು ನಗಲಿಲ್ಲ ಅಂತ ನೋಡಿ ಅವರೂ ನಿಲ್ಲಿಸಿದರು.

ನಿನ್ನೆ ಕೊನೆಯ ಮೇಲ್ ಬಂತು. ಮೊದಲ ಕಾಲಮ್ಮಿನಲ್ಲಿರುವ ಉತ್ತರ ಸ್ಥಳೀಯ ಭಾಷೆಯಲ್ಲಿದೆ, ದಯವಿಟ್ಟು ಇಂಗ್ಲಿಷಿನಲ್ಲಿ ಬರೆದು ಕಳಿಸಿ, ಅದಾದರೆ ಕಡತ ಮುಚ್ಚಬಹುದು.

ಶಿಫ್ಟ್ ಮುಗಿದಿತ್ತು. ಬಸ್ಸು ಹೊರಟಿತು. ಮೋಹನಣ್ಣನಿಗೆ ಫೋನ್ ಮಾಡಿದ ಆ ಸಂಜೆಯೂ ಬಸ್ಸು ಹೀಗೇ ಹೊರಟಿತ್ತು, ನಾನು ಹತ್ತಿರಲಿಲ್ಲ. ಗೇಟಿನ ಹತ್ತಿರದ ಅಂಗಡಿಯಲ್ಲಿ ಎರಡು ಟೀ ಹೇಳಿ, ಒಂದಕ್ಕೆ ಸಕ್ಕರೆ ಬೇಡ ಅಂತ ಹೇಳಿ, ಏಳರ ತನಕ ಕಾದಿದ್ದೆ. ಬರುತ್ತೇನೆ ಅಂದು ಬರಲಿಲ್ಲವಲ್ಲ ಅಂತ ಬೈದುಕೊಂಡು ರೂಮಿಗೆ ನಡೆದಿದ್ದೆ.

ಬರ್ತೀನಿ ಕಣಮ್ಮ, ಅಲ್ಲೇ ಇರು. ಆ ನಾಲ್ಕು ಮಾತಿಗೆ ಇಂಗ್ಲಿಷು ಕಷ್ಟವೇನಲ್ಲ. ಬರೆದೆ. ಕಳಿಸುವ ಬಟನ್ ಒತ್ತಲಿಲ್ಲ. ಒತ್ತಿದರೆ ಕಡತ ಮುಚ್ಚುತ್ತದೆ, ನಾನು ಏಳಬಹುದು. ಪ್ಯಾಕಿಂಗ್ ಶೆಡ್ಡಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬಂದ ವಾಚ್‌ಮನ್ ಮುನಿವೆಂಕಟಪ್ಪ, ಇನ್ನೂ ಯಾಕಮ್ಮ ಇಲ್ಲೇ ಕೂತಿದ್ದೀಯ, ಯಾರಾದರೂ ಬರಬೇಕಾ ಅಂತ ಕೇಳಿದ. ನನ್ನ ಮೇಲಿನ ಒಂದು ದೀಪವನ್ನು ಹಾಗೇ ಬಿಟ್ಟು ಹೋದ.